ಚಾಪೆಯಡಿಯ ಎಣ್ಣೆ

ನಮ್ಮ ಕಡೆಯ ಬೆಟ್ಟಗಳೆಲ್ಲ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಸುಣ್ಣಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಗೋಡೆಗಳು ಎಷ್ಟು ಬೆಳ್ಳಗಿದ್ದವು ಅಂದರೆ, ಹುಣ್ಣಿಮೆಯ ಚಂದ್ರ ಕೂಡ ಅವುಗಳ ಮೇಲೆ ಹಾದುಹೋಗುವಾಗ ನಾಚಿಕೊಂಡು ಮೋಡ ಹೊದ್ದುಕೊಳ್ಳುತ್ತಿದ್ದ. ಸುಳ್ಳಲ್ಲ. ಈ ಕತೆಯನ್ನು ನನ್ನ ಹಾಗೆ ಹದವಾಗಿ ಬಲ್ಲವನು ಏಳು ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಇದ್ದರೆ ಕರೆತನ್ನಿ, ಅವನಿಗೂ ನಾನೇ ಹೇಳಿಕೊಡುತ್ತೇನೆ.

ಆ ರಾಜ್ಯದ ದೊರೆ ಧವಳರಾಯ. ಅವನದೊಂದು ಕಟ್ಟಪ್ಪಣೆ: "ನನ್ನ ರಾಜ್ಯದಲ್ಲಿ ಕಲೆ ಕಾಣಬಾರದು. ಚೆಲ್ಲಿದವರು, ಒಡೆದವರು ಕೋಟೆಯ ಹೊರಗೆ."

ಅಪ್ಪಣೆಯೇನೋ ಆಯಿತು. ಆದರೆ ಕೈ ಇದ್ದ ಮೇಲೆ ಜಾರದೆ ಇರುತ್ತದೆಯೇ? ಮಜ್ಜಿಗೆ ಚೆಲ್ಲಿತು, ಜನ ಮೇಲೊಂದು ಚಾಪೆ ಹಾಕಿದರು. ಗಡಿಗೆ ಒಡೆಯಿತು, ಮೇಲೊಂದು ಚಾಪೆ ಹಾಕಿದರು. ಕೇಳಿದವರಿಗೆ "ಬೆಕ್ಕು ಮಾಡಿತು" ಅಂದರು. ಬೆಕ್ಕು ಪಾಪ ಮಿಯಾವ್ ಅನ್ನುವುದು ಬಿಟ್ಟು ಇನ್ನೇನು ಹೇಳೀತು? ಒಂದೊಂದಾಗಿ ಬೆಕ್ಕುಗಳೆಲ್ಲ ಕೋಟೆಯ ಹೊರಗೆ ಹೋದವು. ಚಾಪೆಯ ಮೇಲೆ ಚಾಪೆ ಬಿದ್ದು ಮನೆಗಳ ನೆಲ ಎಷ್ಟು ಎತ್ತರವಾಯಿತೆಂದರೆ, ಎತ್ತರದ ಗಂಡಸರು ತಮ್ಮ ಮನೆಯೊಳಗೇ ಬಗ್ಗಿ ನಡೆಯುತ್ತಿದ್ದರು.

ಕೊನೆಗೆ ಇಡೀ ರಾಜ್ಯದಲ್ಲಿ ಉಳಿದದ್ದು ಒಂದೇ ಬೆಕ್ಕು, ದೊರೆಯ ತಾಯಿ ಮಲ್ಲಾಜಮ್ಮನದು. ಬೂದಿ ಅಂತ ಅದರ ಹೆಸರು, ಬಣ್ಣವೂ ಅದೇ. ಅಜ್ಜಿಯ ಕಾಲಿಗೆ ಬಿಸಿ ಕೊಡುತ್ತಾ ಮಲಗುವುದೇ ಅದರ ಕೆಲಸ.

ಒಂದು ಬೆಳಿಗ್ಗೆ ರಾಜಕುಮಾರ ಸೋಮಶೂರ ದೀಪದ ಕೋಣೆಯಲ್ಲಿ ಹೊಸ ಕತ್ತಿ ಬೀಸಿ ನೋಡುತ್ತಿದ್ದ. ಕತ್ತಿ ತಗುಲಿ ಎಣ್ಣೆಯ ಕೊಡ ಉರುಳಿತು. ನೆಲದ ತುಂಬ ಎಣ್ಣೆ. ರಾಜಕುಮಾರ ಅತ್ತಿತ್ತ ನೋಡಿದ, ಚಾಪೆ ಎಳೆದು ಮುಚ್ಚಿದ.

"ಏನದು ಸದ್ದು?" ಅಂತ ದೊರೆ ಹೊರಗಿನಿಂದ ಕೇಳಿದ.

"ಬೆಕ್ಕು, ಅಪ್ಪಾಜಿ. ಎಣ್ಣೆ ಕೊಡ ಉರುಳಿಸಿಬಿಟ್ಟಿತು."

ಮಧ್ಯಾಹ್ನದೊಳಗೆ ಭಟರು ಬೂದಿಯನ್ನು ಕೋಟೆಯ ಹೊರಗೆ ಎಸೆದು ಬಂದರು.

ಅಂದಿನಿಂದ ಅಜ್ಜಿಯ ಕಾಲು ತಣ್ಣಗಾಯಿತು. ಕಂಬಳಿ ಹೊದಿಸಿದರು, ಕೆಂಡದ ಬೋಗುಣಿ ಇಟ್ಟರು, ಊಹೂಂ. ಅಜ್ಜಿ ಊಟ ಬಿಟ್ಟಳು. ವೈದ್ಯರು ಕಾಲು ಮುಟ್ಟಿ ನೋಡಿ, "ಥಂಡಿ ಮೇಲೇರುತ್ತಿದೆ. ಎದೆ ತಲುಪುವುದರೊಳಗೆ ಆ ಬೆಕ್ಕು ಬರಬೇಕು" ಅಂದರು.

ಸೋಮಶೂರ ಅಜ್ಜಿಯ ಮಂಚದ ಬಳಿ ನಿಂತ. "ಬೂದಿಯನ್ನು ನಾನು ತರ್ತೀನಿ ಅಜ್ಜಿ."

"ನೀನ್ಯಾಕೆ ಹೋಗಬೇಕು ಕಂದ? ಎಣ್ಣೆ ಚೆಲ್ಲಿದ್ದು ಬೆಕ್ಕು ತಾನೆ?"

ರಾಜಕುಮಾರ ಕಂಬಳಿಯ ಅಂಚು ಸರಿಮಾಡಿದ. "ಆದರೂ ಹೋಗ್ತೀನಿ" ಅಂದ.

ಅಜ್ಜಿ ಅವನ ಮುಖ ನೋಡಿದಳು, ಕಾಲಿನ ಜರಿಯ ಚಪ್ಪಲಿ ನೋಡಿದಳು. ಆಮೇಲೆ ಅಡುಗೆಮನೆಯಿಂದ ಮೂರು ಗಂಟು ತರಿಸಿದಳು: ಒಲೆಯ ಬೂದಿ, ಹುಣಸೆಹಣ್ಣು, ಕಲಸಿದ ಗೋಧಿಹಿಟ್ಟು. "ಅರಮನೆಗೆ ಬರೋ ಮೊದಲು ನಾನು ತುಂಬಿದ ಮನೆಯ ಮಗಳು. ದಿನಾ ಏನಾದರೂ ಚೆಲ್ಲೋದು, ಸೀಯೋದು, ಒಡೆಯೋದು. ಕೇಳಿಸಿಕೋ. ಜಿಡ್ಡನ್ನು ಹೊಡೀಬೇಡ, ಹೀರಿಸು. ಸೀದದ್ದನ್ನು ಕೆರೀಬೇಡ, ನೆನೆಸು. ಚೂರನ್ನು ಗುಡಿಸಬೇಡ, ಅಂಟಿಸಿ ತೆಗಿ."

"ಮತ್ತೆ ಕತ್ತಿ?"

"ಬೇಕಾದರೆ ಹಿಡ್ಕೊಂಡು ಹೋಗು. ದಾರೀಲಿ ಹಣ್ಣು ಹೆಚ್ಚೋಕೆ ಆಗುತ್ತೆ."

ಕೋಟೆಯ ಆಚೆ ಮುಸುಕಯ್ಯನ ಕಾಡು. ಮುಸುಕಯ್ಯ ಅಂದರೆ ಅಂತಿಂಥ ಮಾಂತ್ರಿಕನಲ್ಲ. ಜನ ಯಾವುದನ್ನು ಮುಚ್ಚಿಡುತ್ತಾರೋ ಅದೆಲ್ಲ ಅವನ ಆಸ್ತಿ. ಚಾಪೆಯಡಿಯಲ್ಲಿ ಉಳಿದದ್ದನ್ನು ಅವನು ನೆಲದೊಳಗಿಂದಲೇ ಎಳೆದುಕೊಂಡು, ಕೈಕಾಲು, ಕೋರೆಹಲ್ಲು ಕೊಟ್ಟು ಸಾಕುತ್ತಿದ್ದ.

ಕಾಡಿನ ಬಾಗಿಲಲ್ಲೇ ಎಣ್ಣೆಯ ಹೆಬ್ಬಾವು ಅಡ್ಡ ಮಲಗಿತ್ತು. ತಾಳೆಮರದಷ್ಟು ದಪ್ಪ, ಕನ್ನಡಿಯ ಹಾಗೆ ಹೊಳಪು. ಸೋಮಶೂರ ಕತ್ತಿ ಬೀಸಿದ, ಕತ್ತಿ ಜಾರಿತು. ಕಾಲಿಟ್ಟ, ಕಾಲು ಜಾರಿತು. ಹಾವು ಅವನನ್ನು ಸೊಂಟದ ತನಕ ನುಂಗಿತು. ಅವನು ಇನ್ನೂ ಒಳಕ್ಕೆ ಜಾರುತ್ತಲೇ ಇದ್ದ. ಆಗ ಅಜ್ಜಿಯ ಮಾತು ನೆನಪಾಯಿತು. ಬೂದಿಯ ಗಂಟು ಬಿಚ್ಚಿ ಹಿಡಿಹಿಡಿಯಾಗಿ ಎರಚಿದ. ಬೂದಿ ಹೀರಿತು, ಹೀರಿತು. ಹಾವು ಬಡಕಲಾಗುತ್ತಾ ಆಗುತ್ತಾ ದೀಪದ ಬತ್ತಿಯಷ್ಟಾಯಿತು.

"ಉಸ್ಸಪ್ಪಾ" ಅಂದಿತು ಬತ್ತಿ. "ಗಾಣದ ದ್ಯಾವಣ್ಣನ ಮನೇಲಿ ಚೆಲ್ಲಿದ ಎಣ್ಣೆ ನಾನು. ಆವತ್ತೇ ಒಂದು ಹಿಡಿ ಬೂದಿ ಹಾಕಿದ್ದರೆ ನನಗೆ ಹಲ್ಲೇ ಬರ್ತಿರಲಿಲ್ಲ."

ಮುಂದೆ ಹೊಳೆಯ ದಡದಲ್ಲಿ ಕರಿಕರಡಿ. ಮೈಯೆಲ್ಲ ತಳ ಹಿಡಿದ ಸೀಕು, ಸುತ್ತೆಲ್ಲ ಸೀದ ವಾಸನೆ. ಸೋಮಶೂರ ಅಜ್ಜಿಯ ಮಾತು ಮರೆತು ಕತ್ತಿಯಿಂದ ಕೆರೆದ. ಕೆರೆದಷ್ಟೂ ಕರಡಿ ಅರಚಿತು, ಅರಚಿದಷ್ಟೂ ದೊಡ್ಡದಾಯಿತು. ಕೊನೆಗೆ ಕತ್ತಿಯೇ ಬಾಗಿತು. ಅವನು ಕತ್ತಿ ಬಿಸಾಡಿ, ಹೊಳೆಯ ನೀರಲ್ಲಿ ಹುಣಸೆಹಣ್ಣು ಕಿವುಚಿ ಕರಡಿಯ ತಲೆಯ ಮೇಲೆ ಸುರಿದು, ಪಕ್ಕದಲ್ಲಿ ಕುಳಿತ.

"ಮುಂದೇನು?" ಅಂತ ಕರಡಿ ಕೇಳಿತು.

"ನೆನೆಯಬೇಕು."

"ಎಷ್ಟು ಹೊತ್ತು?"

"ನಾನೂ ಹೊಸಬ, ನನಗೇನು ಗೊತ್ತು? ನಿನ್ನ ಸೀಯಿಸಿದ್ದು ಯಾರು?"

"ಹೊಸ ಸೊಸೆ. ಪಾಯಸ ತಳ ಹಿಡೀತು. ಅತ್ತೆಗೆ ಹೆದರಿ, ಪಾತ್ರೆ ಸಮೇತ ಚಾಪೆ ಕೆಳಗೆ ಸೇರಿಸಿದಳು. ಪಾಪ, ಅಳುತ್ತಾ ಮುಚ್ಚಿದಳು." ಕರಡಿ ನಿಟ್ಟುಸಿರು ಬಿಟ್ಟಿತು. "ನನಗೆ ಸಿಟ್ಟಿದ್ದದ್ದು ಅವಳ ಮೇಲಲ್ಲ, ರಾಜ. ಕತ್ತಲೆಯ ಮೇಲೆ."

ದೀಪದ ಕೋಣೆಯ ಚಾಪೆ ರಾಜಕುಮಾರನ ಕಣ್ಣ ಮುಂದೆ ಬಂದಿತ್ತು. ಹೊತ್ತು ಇಳಿಯುವಾಗ ಸೀಕು ತಾನಾಗಿ ಎದ್ದಿತು, ಹಪ್ಪಳದ ಹಾಗೆ ಕಳಚಿ ಬಿತ್ತು. ಕರಡಿ ಇದ್ದ ಜಾಗದಲ್ಲಿ ಒಂದು ತಾಮ್ರದ ಪಾತ್ರೆ ಸಂಜೆಯ ಬಿಸಿಲಿಗೆ ಥಳಥಳ ಅನ್ನುತ್ತಿತ್ತು.

ಆಮೇಲೆ ಬಂದದ್ದು ಬಳೆಚೂರಿನ ಹಕ್ಕಿಗಳ ಹಿಂಡು. ಆಕಾಶ ತುಂಬ ಝಣಝಣ. ಈ ಸಲ ಸೋಮಶೂರ ಮರೆಯಲಿಲ್ಲ. ಹಿಟ್ಟನ್ನು ಬೆನ್ನಿಗಿದ್ದ ಗುರಾಣಿಗೆ ಮೆತ್ತಿ ಎತ್ತಿ ಹಿಡಿದ. ಬಂದು ಬಡಿದ ಹಕ್ಕಿಯೆಲ್ಲ ಅಂಟಿಕೊಂಡಿತು, ಕಣ್ಣಿಗೆ ಕಾಣದ ಪುಡಿ ಮರಿ ಸಮೇತ. ಅಷ್ಟೆ.

ಗುಹೆಯಲ್ಲಿ ಚಾಪೆಗಳ ಗುಡ್ಡ. ಗುಡ್ಡದ ಮೇಲೆ ಮೈತುಂಬ ಚಾಪೆ ಸುತ್ತಿಕೊಂಡ ಮುಸುಕಯ್ಯ. ಸುತ್ತಲೂ ರಾಜ್ಯದ ಬೆಕ್ಕುಗಳೆಲ್ಲ ಕಲ್ಲಾಗಿ ಕುಳಿತಿದ್ದವು. ಎಲ್ಲದಕ್ಕಿಂತ ಮುಂದೆ ಬೂದಿ.

"ಬಾ ರಾಜಕುಮಾರ" ಅಂದ ಮುಸುಕಯ್ಯ. "ನಿನ್ನ ಎಣ್ಣೆ ಇನ್ನೂ ಮರಿ. ಚೆನ್ನಾಗಿ ಬೆಳೀತಿದೆ."

"ನಮ್ಮ ಬೆಕ್ಕನ್ನು ಕೊಡು."

"ಕೊಡೋಣ. ಎಣ್ಣೆ ಚೆಲ್ಲಿದ್ದು ಯಾರು ಅಂತ ಒಂದು ಮಾತು ಹೇಳು. ಬೆಕ್ಕು ಅಂದರೆ, ಥೇಟ್ ಇದರಂಥದೇ ಇನ್ನೊಂದನ್ನು ಮಾಡಿಕೊಡ್ತೀನಿ. ಅಜ್ಜಿಗೆ ಗೊತ್ತೇ ಆಗಲ್ಲ. ನಾನು ಅಂದೆಯೋ, ಎಣ್ಣೆಯ ಕಲೆ ನಿನ್ನ ಅಂಗೈಗೆ ಬರುತ್ತೆ. ಸಾಯೋತನಕ ಹೋಗಲ್ಲ. ಬಿಳೀ ರಾಜ್ಯದಲ್ಲಿ ಕಲೆಗೈಯವನಿಗೆ ಸಿಂಹಾಸನ ಇರಲಿ, ಕೋಟೆಯೊಳಗೆ ಜಾಗವಾದರೂ ಇದೆಯಾ, ಯೋಚನೆ ಮಾಡು."

ಸೋಮಶೂರ ಯೋಚನೆ ಮಾಡಿದ. ಹಾವಿಗೆ ಬೂದಿಯಿತ್ತು, ಕರಡಿಗೆ ಹುಣಸೆಯಿತ್ತು, ಹಕ್ಕಿಗೆ ಹಿಟ್ಟಿತ್ತು. ಇದಕ್ಕೆ ಗಂಟಿನಲ್ಲಿ ಏನೂ ಉಳಿದಿರಲಿಲ್ಲ. ಕಲ್ಲಾದ ಬೂದಿಯ ಬೆನ್ನು ಮುಟ್ಟಿದ. ಅದು ಅಜ್ಜಿಯ ಕಾಲಿನಷ್ಟೇ ತಣ್ಣಗಿತ್ತು.

"ಚೆಲ್ಲಿದ್ದು ನಾನು" ಅಂದ. "ಚಾಪೆ ಹಾಕಿದ್ದೂ ನಾನೇ. ಬೆಕ್ಕು ಅಂತ ಹೇಳಿದ್ದೂ ನಾನೇ."

ಅಂಗೈ ಸುರ್ರೆಂದು ಉರಿದು ಕಪ್ಪಾಯಿತು. ಮುಸುಕಯ್ಯನ ಮೈಮೇಲಿನ ಒಂದು ಚಾಪೆ ಕಳಚಿ ಬಿತ್ತು. ಬೂದಿ ಕಣ್ಣು ಬಿಟ್ಟು, ಮೈ ಮುರಿದು, ರಾಜಕುಮಾರನಿಗೆ ಬೆನ್ನು ತೋರಿಸಿ, ಬಾಲವೆತ್ತಿ ಊರ ಕಡೆಗೆ ಹೊರಟಿತು. ಕೃತಜ್ಞತೆ ಹೇಳುವ ಪದ್ಧತಿ ಬೆಕ್ಕುಗಳಲ್ಲಿ ಆಗಲೂ ಇರಲಿಲ್ಲ.

"ಉಳಿದ ಬೆಕ್ಕುಗಳು?" ಅಂತ ಸೋಮಶೂರ ಕೇಳಿದ.

"ಅವು ನೀನು ದೂರಿದ ಬೆಕ್ಕುಗಳಲ್ಲವಲ್ಲ" ಅಂದ ಮುಸುಕಯ್ಯ. ಕೆಳಗೆ ಬಿದ್ದ ಚಾಪೆಯನ್ನು ಮತ್ತೆ ಸುತ್ತಿಕೊಳ್ಳಲು ನೋಡಿದ, ಅದು ಮೈಮೇಲೆ ನಿಲ್ಲಲಿಲ್ಲ.

ಅರಮನೆ ತಲುಪಿದಾಗ ಥಂಡಿ ಅಜ್ಜಿಯ ಎದೆಯ ಹೊಸ್ತಿಲಿಗೆ ಬಂದಿತ್ತು. ಬೂದಿ ಹಾರಿ ಮಂಚ ಏರಿ, ಹಳೆಯ ಜಾಗದಲ್ಲಿ ಸುತ್ತಿಕೊಂಡಿತು. ಅಜ್ಜಿ ಕಣ್ಣು ತೆರೆದಳು.

"ಅಜ್ಜಿ, ಎಣ್ಣೆ ಚೆಲ್ಲಿದ್ದು ನಾನು."

"ಗೊತ್ತು."

"ಗೊತ್ತಿತ್ತಾ?"

"ಚಾಪೆಯಿಂದ ಬಾಗಿಲ ತನಕ ಎಣ್ಣೆ ಹೆಜ್ಜೆ ಇತ್ತಲ್ಲೋ. ನಮ್ಮ ಬೂದಿ ಜರಿಯ ಚಪ್ಪಲಿ ಯಾವತ್ತು ಮೆಟ್ಟಿತ್ತು?"

"ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?"

"ನೆಲವಾಗಿದ್ದರೆ ನಾನೇ ಒರೆಸ್ತಿದ್ದೆ ಮಗಾ. ಇದನ್ನ ಒಬ್ಬರ ಬದಲು ಇನ್ನೊಬ್ಬರು ಒರೆಸೋಕೆ ಬರಲ್ಲ."

ಸೋಮಶೂರ ದೀಪದ ಕೋಣೆಗೆ ಹೋದ. ಚಾಪೆ ಎತ್ತಿದ. ಎಣ್ಣೆಗೆ ಆಗಲೇ ಎರಡು ಕಣ್ಣು ಮೂಡಿದ್ದವು. ಒಲೆಯ ಬೂದಿ ಸುರಿದು, ಮಂಡಿಯೂರಿ, ಸೀಗೆಪುಡಿ ಹಾಕಿ ಉಜ್ಜತೊಡಗಿದ. ಹೊತ್ತು ನೋಡಿಕೊಂಡು ಬಂದ ಹಾಗೆ ದೊರೆ ಬಾಗಿಲಲ್ಲಿ ನಿಂತಿದ್ದ. ಮಗನ ಅಂಗೈ ನೋಡಿದ. ಮುಖ ಸುಣ್ಣದಂತಾಯಿತು. ಅಪ್ಪಣೆ ಅವನದೇ, ಮಗನೂ ಅವನೊಬ್ಬನೇ.

"ಕೋಟೆಯ ಹೊರಗೆ..." ಅಂತ ಶುರುಮಾಡಿದ.

ಒಳಮನೆಯಿಂದ ಅಜ್ಜಿಯ ದನಿ ಬಂತು. "ಧವಳೂ, ನೀನು ಚಿಕ್ಕವನಿದ್ದಾಗ ನನ್ನ ಮದುವೆಯ ಕನ್ನಡಿ ಒಡೆದದ್ದು ಯಾವ ಬೆಕ್ಕಪ್ಪಾ?"

ದೊರೆ ಗೋಡೆ ನೋಡಿದ. ಎಷ್ಟು ಬಿಳಿ ಗೋಡೆ! ಆಮೇಲೆ ಕಿರೀಟ ತೆಗೆದು ಕಿಟಕಿಯಲ್ಲಿಟ್ಟ, ಪಂಚೆ ಎತ್ತಿ ಕಟ್ಟಿದ, ಮಗನ ಪಕ್ಕ ಕುಳಿತ. "ನಾನೇ ಅಮ್ಮಾ" ಅಂದ. "ಚೆಂಡು ತಗುಲಿತು."

ದೂರದ ಗುಹೆಯಲ್ಲಿ ಇನ್ನೊಂದು ಬೆಕ್ಕು ಎದ್ದಿತು. ದೊರೆಯ ಅಂಗೈಯಲ್ಲೂ ಒಂದು ಗೀರು ಮೂಡಿತು.

ಅದನ್ನು ಕಂಡ ಮೇಲೆ ಯಾರಿಗೆ ಏನು ಭಯ? ಮನೆಮನೆಯಲ್ಲೂ ಚಾಪೆ ಎದ್ದವು. "ಮಜ್ಜಿಗೆ ನಾನೇ ಚೆಲ್ಲಿದ್ದು!" "ಪಾಯಸ ನಾನೇ ಸೀಯಿಸಿದ್ದು ಅತ್ತೆಮ್ಮಾ!" "ಬಿಡೇ, ನಿನಗಿಂತ ಮೊದಲು ನಾನೂ ಸೀಯಿಸಿದ್ದೆ!" ಒಂದೊಂದು ಮಾತಿಗೆ ಒಂದೊಂದು ಬೆಕ್ಕು ಎದ್ದು ಬಂತು, ಮುಸುಕಯ್ಯನ ಒಂದೊಂದು ಚಾಪೆ ಕಳಚಿತು. ಎಲ್ಲ ಕಳಚಿದ ಮೇಲೆ ಒಳಗೆ ಉಳಿದದ್ದು ಒಂದು ಚಿಂದಿಬಟ್ಟೆ. ಅದನ್ನು ತಂದು ಅರಮನೆಯ ಅಡುಗೆಮನೆಯ ಮೊಳೆಗೆ ನೇತುಹಾಕಿದರು. ಒರೆಸುವುದಕ್ಕೆ ಅದರಂಥ ಬಟ್ಟೆ ಇನ್ನೊಂದಿಲ್ಲವಂತೆ.

ದೀಪದ ಕೋಣೆಯ ನೆಲದಲ್ಲಿ ಮಾತ್ರ ಎಷ್ಟು ಉಜ್ಜಿದರೂ ಮಸುಕಾದ ಒಂದು ಗುರುತು ಉಳಿಯಿತು. "ಇರಲಿ ಬಿಡು" ಅಂದಳು ಅಜ್ಜಿ. "ಇಲ್ಲಿ ಜನ ಇದ್ದರು ಅನ್ನೋದಕ್ಕೆ ಏನಾದರೂ ಬೇಕಲ್ಲ."

ಸೋಮಶೂರ ಕಲೆಗೈಯಲ್ಲೇ ಕಿರೀಟ ಇಟ್ಟುಕೊಂಡ, ಬಹುಕಾಲ ಆಳಿದ. ಸುಣ್ಣಗಿರಿಯಲ್ಲಿ ಏನಾದರೂ ಬಿದ್ದ ಸದ್ದಾದರೆ ಮೊದಲು ಕೇಳಿಸುವುದು "ನಾನೇ!" ಅಂತ, ಆಮೇಲೆ "ಬಟ್ಟೆ ತಾ!" ಅಂತ. ಬೆಕ್ಕುಗಳು ಮಾತ್ರ ಒಲೆಯ ಪಕ್ಕ ಕಣ್ಣು ಮುಚ್ಚಿ ನಗುತ್ತಿರುತ್ತವೆ. ಅವರ ದೀಪ ಅಲ್ಲಿ ಬೆಳಗಿತು, ನಮ್ಮ ಒಲೆ ಇಲ್ಲಿ ಬೆಚ್ಚಗಿರಲಿ. ನಂಬದವರು ಮನೆಗೆ ಹೋಗಿ ತಮ್ಮ ಚಾಪೆ ಎತ್ತಿ ನೋಡಲಿ.