ಬಾಯಿಪಾಠ

ಟೀಪಾಯಿಯ ಮೇಲೆ ಚಕ್ಕುಲಿಯಷ್ಟೇ ಗಾತ್ರದ ಯಂತ್ರವೊಂದು ಕುಳಿತು ಐದು ಹೆಂಗಸರ ಹಾಡನ್ನು ಜರಡಿ ಹಿಡಿಯುತ್ತಿತ್ತು. ಅದರ ಹೆಸರೇ ಕಂಠಜರಡಿ. ಗಾಳಿಯಲ್ಲಿ ಕಲಸಿಹೋದ ದನಿಯನ್ನು ಅದು ನಂಬುವುದಿಲ್ಲ. ಒಂದೊಂದು ಗಂಟಲಿನ ಕಂಪನವನ್ನೂ ದೂರದಿಂದಲೇ ಅಳೆದು, ಒಬ್ಬೊಬ್ಬರ ದನಿಯನ್ನು ಒಂದೊಂದು ಎಳೆಯಾಗಿ ಮುದ್ರಿಸುತ್ತದೆ. ಒಬ್ಬರು ಶ್ರುತಿ ತಪ್ಪಿದರೆ ಅವರ ಎಳೆಯನ್ನಷ್ಟೇ ತಿದ್ದಬಹುದು. ಉಳಿದವರ ಮರ್ಯಾದೆ ಉಳಿಯುತ್ತದೆ.

೨೦೬೮ರ ರಾಜ್ಯಮಟ್ಟದ ವಚನಗಾಯನ ಸ್ಪರ್ಧೆಗೆ ಮನೆಯಲ್ಲೇ ಹಾಡಿ, ಪ್ರತಿ ದನಿಯನ್ನೂ ಬೇರೆಬೇರೆಯಾಗಿ ಮುದ್ರಿಸಿ ಸೋಮವಾರದೊಳಗೆ ಕಳಿಸಬೇಕಿತ್ತು. ಐದು ಹಳೆಯ ಮೈಕು ಕೊಳ್ಳುವುದೋ, ಒಂದು ಹೊಸ ಜರಡಿ ಕೊಳ್ಳುವುದೋ ಎಂದು ದಾವಣಗೆರೆಯ ಈ ವಚನ ಬಳಗ ಎರಡು ವಾರ ಜಗಳವಾಡಿ, ಕೊನೆಗೆ ಜರಡಿಯನ್ನು ಕಂಡುಹಿಡಿದ ವಿಜ್ಞಾನಿ ನಿಜಗುಣನನ್ನೇ ಮನೆಗೆ ಕರೆಸಿತ್ತು.

ಹಾಡು ಮುಗಿಯಿತು. ಯಂತ್ರದ ನಾಲ್ಕು ದೀಪಗಳು ಹಸಿರಾದವು. ಐದನೆಯದು ಕಣ್ಣು ಬಿಡಲಿಲ್ಲ.

“ಏನ್ ತಮ್ಮಾ, ಹೊಸಾ ಮಿಷನ್ನಿಗೆ ಆಗ್ಲೇ ಒಂದ್ ಕಣ್ಣು ಹೋತಾ?” ಎಂದರು ಬಳಗದ ಮುಖ್ಯಸ್ಥೆ ಸ್ಪಂದನಮ್ಮ. ಅವರಿಗೆ ಅರವತ್ತೇಳು, ಆ ತಲೆಮಾರಿನ ಅಜ್ಜಿಯರ ಹೆಸರುಗಳೇ ಹಾಗೆ.

ನಿಜಗುಣ ಎಲ್ಲರ ಜಾಗ ಅದಲುಬದಲು ಮಾಡಿ ಮತ್ತೆ ಹಾಡಿಸಿದ. ಬಳಿಕ ಗಂಟಲು ಸರಿಮಾಡಿಕೊಂಡ.

“ಮಿಷನ್ ಸರಿ ಇದೆ ಅಮ್ಮಾ. ಐದನೇ ಎಳೇಲಿ ದನೀನೇ ಇಲ್ಲ. ಅದು... ಪಲ್ಲವಮ್ಮಂದು.”

“ಪಲ್ಲವಿ ಐತಿ, ಹಾಡೇ ಇಲ್ಲ!” ಸಿಂಚನಮ್ಮ ಕಿಸಕ್ಕನೆ ನಕ್ಕರು.

ಸ್ಪಂದನಮ್ಮ ನಗಲಿಲ್ಲ. “ಇಪ್ಪತ್ತೆರಡು ವರ್ಷ ಬರೀ ತುಟಿ ಆಡಿಸಿದ್ಯೇನೇ? ನಮ್ ಜೊತಿ ಶಾಲೂ ಹೊದಿಸ್ಕೊಂಡ್ಯಲ್ಲೇ!”

“ಮೊದಲ್ನೇ ದಿನ ಹಾಡಿದ್ನಲ್ಲಕ್ಕಾ,” ಎಂದ ಪಲ್ಲವಮ್ಮ ಥೇಟ್ ಸ್ಪಂದನಮ್ಮನ ಹಾಗೆ ಮೂಗಿನಲ್ಲಿ ದನಿ ತೆಗೆದರು. “‘ಪಲ್ಲವೀ, ಸ್ವಲ್ಪ ಮೆಲ್ಲಕೆ’ ಅಂದ್ರಿ. ಮೆಲ್ಲಕೆ ಹಾಡಿದೆ. ‘ಇನ್ನೂ ಒಂಚೂರು ಮೆಲ್ಲಕೆ.’ ಕಡೀಗೆ ನಿಲ್ಲಿಸೇಬಿಟ್ಟೆ. ‘ಹಾಂ, ಈಗ ನೋಡು ಎಷ್ಟು ಚೆಂದ ಸೇರ್ತು!’ ಅಂದ್ರಿ.”

ಅಣಕು ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಬೆಳಗಿದ್ದು ಸ್ಪಂದನಮ್ಮನ ದೀಪ. ಯಂತ್ರವೂ ಮೋಸಹೋಗಿತ್ತು. ಸ್ಪಂದನಮ್ಮ ಮೋಸಹೋಗಲಿಲ್ಲ.

“ಸ್ಪರ್ಧೆಗೆ ನಾವು ನಾಲ್ಕೇ ಜನ,” ಎಂದುಬಿಟ್ಟರು.

ಪಲ್ಲವಮ್ಮ ಚೀಲ ಎತ್ತಿಕೊಂಡು ಹೊರಟರು. ಈ ಬಳಗವನ್ನು ಬಿಟ್ಟರೆ ವಾರಕ್ಕೊಮ್ಮೆಯಾದರೂ ‘ಬಾ’ ಎನ್ನುವ ಬೇರೆ ಮನೆ ಅವರಿಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ತಡೆಯಲಿಲ್ಲ.

ನಾಲ್ವರೂ ಹಾಡಿದರು. ಮೊದಲ ಸಾಲು ಸರಿಯಾಗಿ ಬಂತು. ಆಮೇಲೆ ಸ್ಪಂದನಮ್ಮ ನಾಲ್ಕನೆಯ ಸಾಲಿಗೆ ಹಾರಿದರು, ಸಿಂಚನಮ್ಮ ಎರಡನೆಯದರಲ್ಲೇ ಸುತ್ತಿದರು, ಉಳಿದಿಬ್ಬರು ಬೇರೊಂದು ವಚನಕ್ಕೇ ಹೋಗಿಬಿಟ್ಟರು. ಕಂಠಜರಡಿ ಎಲ್ಲರ ತಪ್ಪನ್ನೂ ಎಳೆಎಳೆಯಾಗಿ ಬಿಡಿಸಿಟ್ಟಿತು. ಮೂರು ಸಲ ಹಾಡಿದರು, ಮೂರು ಸಲವೂ ಅದೇ ಪಾಡು.

“ಒಂದ್ ಮಾತು ಕೇಳ್ಲಾ?” ಎಂದ ನಿಜಗುಣ. “ನೀವೆಲ್ಲ ಮೂಲೇಲಿರೋ ಆ ಖಾಲಿ ಕುರ್ಚಿ ಕಡೆ ಯಾಕೆ ನೋಡ್ತೀರಿ?”

ಸಿಂಚನಮ್ಮ ಸೆರಗಿನ ಅಂಚು ಹಿಡಿದು ಹೇಳಿದರು: “ನಂಗೆ ಸಾಲು ನೆನಪಿರಲ್ಲಪ್ಪ. ಆಕಿ ತುಟಿ ನೋಡ್ಕೊಂಡು ಹಾಡ್ತೀನಿ.”

“ಅಯ್ಯ, ನೀನೂನಾ?” ಎಂದು ಮಿಕ್ಕಿಬ್ಬರೂ ಒಟ್ಟಿಗೆ ಕೇಳಿದರು. ಆ ದಿನ ಅವರು ತಾಳ ತಪ್ಪದೆ ಹೇಳಿದ್ದು ಅದೊಂದೇ. ಬಳಗಕ್ಕೆ ಎಲ್ಲ ವಚನವೂ ಬಾಯಿಪಾಠವೆಂದು ಊರು ಹೊಗಳುತ್ತಿತ್ತು. ನಿಜವೇ, ಪಲ್ಲವಮ್ಮನ ಬಾಯಿ, ಇವರಿಗೆ ಪಾಠ.

ಮರುದಿನ ಸ್ಪಂದನಮ್ಮ ತಾವೇ ಪಲ್ಲವಮ್ಮನ ಬಾಗಿಲು ಬಡಿದರು.

“ಬರ್ತೀನಿ,” ಎಂದರು ಪಲ್ಲವಮ್ಮ. “ಆದ್ರೆ ಮೂಲ್ಯಾಗೆ ಕುಂದ್ರಲ್ಲ. ನಡುವಿನ ಕುರ್ಚಿ ನಂದು. ನೀವು ನಾಲ್ಕೂ ಜನ ಎದುರಿಗೆ.”

ಆ ಕುರ್ಚಿ ಸ್ಪಂದನಮ್ಮನದು. “ಕುಂದ್ರು ಮಾರಾಯ್ತಿ. ಸೋಮವಾರ ನಾಳೇನೇ,” ಎಂದರು ಅವರು.

ಸ್ಪಂದನಮ್ಮನ ಮನೆಗೆ ಬಂದು ಎಲ್ಲರೂ ಕುಳಿತದ್ದಾಯಿತು. ಆಗ ಸಿಂಚನಮ್ಮ ಕಣ್ಣು ಕಿರಿದು ಮಾಡಿದರು. “ಇಷ್ಟ್ ದೂರದಿಂದ ತುಟಿ ಮಸುಕಾಗಿ ಕಾಣ್ತಾವಲ್ಲೇ?”

ಅರ್ಧ ಗಂಟೆಯ ಬಳಿಕ, ಧ್ವನಿವಿಜ್ಞಾನದಲ್ಲಿ ಮೂರು ಪೇಟೆಂಟುಗಳ ಒಡೆಯನಾದ ನಿಜಗುಣ ಫ್ಯಾನ್ಸಿ ಸ್ಟೋರಿನಲ್ಲಿ ನಿಂತು ಲಿಪ್‌ಸ್ಟಿಕ್ಕುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ.

“ಆರಡಿ ದೂರದಿಂದ ‘ಮ’ ಯಾವುದು, ‘ನ’ ಯಾವುದು ಅಂತ ತಿಳೀಬೇಕು. ಅಂಥ ಬಣ್ಣ ಇದೆಯೇನಮ್ಮಾ?”

ಅಂಗಡಿಯ ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಯಾತಕ್ಕೆ ಸಾರ್, ನಾಟಕಕ್ಕಾ?”

“ಅಲ್ಲಮ್ಮ. ಧ್ವನಿಮುದ್ರಣಕ್ಕೆ.”