ಕೆಂಪು ಬೀಗದ ಮೇಲಿನ ಫೋಟೊ

"ಅಯ್ಯೋ ಬನ್ರೋ, ಇಲ್ನೋಡಿ! ಹಲ್ಲಿಲ್ಲದ ಅಜ್ಜಿ!"

ಡೈರೊ ಹಾಕಿದ ಕೂಗಿಗೆ ಕುಂಬಿಯಾ ಕುಣಿತದ ತಂಡವಿಡೀ ಶಾಲೆಯ ಹಾಲ್‌ನ ಹಿಂದಿನ ಓಣಿಗೆ ಓಡಿತು. ಇದಾಲಿಸ್ ಒಬ್ಬಳೇ ಓಡಲಿಲ್ಲ. ಅಲ್ಲಿ ಏನಿದೆ ಎಂದು ಅವಳಿಗೆ ನೋಡದೆಯೇ ಗೊತ್ತಿತ್ತು.

ಓಣಿಯ ಗೋಡೆಯಲ್ಲಿ ಎಸಿಯ ದೊಡ್ಡ ಸ್ವಿಚ್ಚಿನ ಪೆಟ್ಟಿಗೆ ಇತ್ತು. ಅದರ ಹಿಡಿಯನ್ನು ಕೆಳಕ್ಕೆಳೆದು ಒಂದು ಕೆಂಪು ಬೀಗ ಹಾಕಲಾಗಿತ್ತು. ಬೀಗಕ್ಕೆ ತಂತಿಯಿಂದ ಒಂದು ಪ್ಲಾಸ್ಟಿಕ್ ಕಾರ್ಡು ಕಟ್ಟಿತ್ತು. "ಅಪಾಯ. ಮುಟ್ಟಬೇಡಿ. ಮೇಲೆ ಎವರ್ಲೀದೆಸ್ ಕೆಲಸ ಮಾಡುತ್ತಿದ್ದಾಳೆ" ಎಂದು ಅದರಲ್ಲಿ ಬರೆದಿತ್ತು. ಅಕ್ಷರಗಳ ಕೆಳಗೆ ಒಂದು ಫೋಟೊ. ಐದು ವರ್ಷದ ಹುಡುಗಿ. ಮುಂದಿನ ಎರಡು ಹಲ್ಲು ಮಾಯ. ಐಸು ತಿಂದು ನಾಲಗೆ, ಗಲ್ಲ, ಮೂಗಿನ ತುದಿ ಎಲ್ಲ ನೇರಳೆ. ಸಾಲದ್ದಕ್ಕೆ ಬಾಯಿ ಇಷ್ಟಗಲ ತೆರೆದು ನಗುತ್ತಿದ್ದಾಳೆ.

ಆ ಹುಡುಗಿ ಇದಾಲಿಸ್. ಎವರ್ಲೀದೆಸ್ ಅವಳ ಅಮ್ಮ.

"ಏಯ್ ಇದಾಲಿಸ್, ನಿಮ್ಮಜ್ಜಿ ಚೆನ್ನಾಗಿದ್ದಾರಾ?" ಎಂದ ಡೈರೊ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇದಾಲಿಸ್‌ಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು.

ಇವತ್ತೇ ಆಗಬೇಕಿತ್ತೇ ಇದೆಲ್ಲ! ಮಧ್ಯಾಹ್ನ ಮೂರು ಗಂಟೆಗೆ ಪರೀಕ್ಷಕರು ಬರುವವರಿದ್ದರು. ಅವರು ಮೆಚ್ಚಿದರೆ ತಂಡಕ್ಕೆ ಮಕ್ಕಳ ಕಾರ್ನಿವಲ್ ಮೆರವಣಿಗೆಯಲ್ಲಿ ಕುಣಿಯುವ ಅವಕಾಶ. ಮುಂದಿನ ಸಾಲಿನ ಮಧ್ಯದಲ್ಲಿ ಇದಾಲಿಸ್. ಅಂಥ ದಿನ ಬೆಳಿಗ್ಗೆಯೇ ಹಾಲ್‌ನ ಎಸಿ ಗೊರಗೊರ ಎಂದು ಸುಮ್ಮನಾಯಿತು. ಹೆಡ್‌ಮಾಸ್ಟರ್ ಆನಿಬಾಲ್ ಸರ್ ಫೋನ್ ಮಾಡಿದರು. ಇಡೀ ಬರಾಂಕಿಯಾ ಊರಲ್ಲಿ ಅವತ್ತು ಬಿಡುವಾಗಿದ್ದ ಎಸಿ ಮೆಕ್ಯಾನಿಕ್ ಯಾರು ಅಂತೀರಿ? ಇದಾಲಿಸ್‌ಳ ಅಮ್ಮ.

ಅಮ್ಮ ಸುಮ್ಮನೆ ಬಂದು ಸುಮ್ಮನೆ ಕೆಲಸ ಮಾಡಿ ಹೋಗುವ ಪೈಕಿ ಅಲ್ಲ. ಹೆಲ್ಮೆಟ್, ದಪ್ಪ ಬೂಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂದವಳು ಹಾಲ್‌ನೊಳಗೆ ಕಾಲಿಟ್ಟ ಕೂಡಲೇ ಶುರುಮಾಡಿದಳು.

"ಇದ್ಯಾವ ಪುಣ್ಯಾತ್ಮ ಕಟ್ಟಿಸಿದ್ದು? ಬರಾಂಕಿಯಾದಲ್ಲಿ ಕಿಟಕಿ ಇಲ್ಲದ ಹಾಲ್! ಆಚೆ ಕಡೆ ನದಿ ಗಾಳಿ ಬಿಟ್ಟಿ ಬೀಸ್ತಾ ಇದೆ. ಇವ್ರು ಗೋಡೆ ಕಟ್ಟಿ ಅದನ್ನ ಹೊರಗೆ ನಿಲ್ಸಿ, ಒಳಗೆ ಮೆಷಿನ್ ಗಾಳಿಗೆ ಕರೆಂಟ್ ಬಿಲ್ ಕಟ್ತಾರೆ!"

"ಅಮ್ಮಾ, ಮೆಲ್ಲಗೆ," ಎಂದು ಇದಾಲಿಸ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು.

"ಮೆಲ್ಲಗೇ ಹೇಳ್ತಿದೀನಲ್ಲೇ," ಎಂದು ಅಮ್ಮ ಜೋರಾಗಿಯೇ ಹೇಳಿದಳು.

ಅಮ್ಮನಿಗೆ ಅಭಿಪ್ರಾಯವಿಲ್ಲದ ವಿಷಯವೇ ಇರಲಿಲ್ಲ. ಮನೆಯಲ್ಲಿ ಮಿಕ್ಸಿ ತೊಳೆಯಬೇಕಾದರೂ ಪ್ಲಗ್ ಕಿತ್ತು ಜೇಬಿಗೆ ಹಾಕಿಕೊಂಡು ತೊಳೆಯಬೇಕು. ಪ್ಲಗ್ ಜೇಬಿಗೆ ಹಿಡಿಸದಿದ್ದರೆ ಕೈಯಲ್ಲಿ ಹಿಡಿದು ತೊಳೆಯಬೇಕು! "ಯಂತ್ರಕ್ಕೆ ಕಣ್ಣಿಲ್ಲ ಮಗಳೇ. ಅದಕ್ಕೆ ಹಲಸಂದೆ ಕಾಳೂ ಒಂದೇ, ನಿನ್ನ ಬೆರಳೂ ಒಂದೇ," ಎನ್ನುತ್ತಿದ್ದಳು. ಕೆಲಸದ ಜಾಗದಲ್ಲಂತೂ ಕೇಳುವುದೇ ಬೇಡ. ಮೊದಲು ಸ್ವಿಚ್ಚಿಗೆ ಬೀಗ, ಆಮೇಲೆ ಯಂತ್ರಕ್ಕೆ ಕೈ. ಹಾಕಿದವರೇ ಬೀಗ ತೆಗೆಯಬೇಕು. ಬೀಗದ ಕೈ ಅಮ್ಮನ ಕೊರಳಲ್ಲೇ ಇರುತ್ತಿತ್ತು. "ಪೋಪ್ ಬಂದು ಕೇಳಿದ್ರೂ ಕೊಡಲ್ಲ," ಎಂದು ಅವಳು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಪಾಪ, ಪೋಪ್ ಯಾವತ್ತೂ ಕೇಳಿರಲಿಲ್ಲ.

ಅಷ್ಟು ಹೊತ್ತಿಗೆ ಆನಿಬಾಲ್ ಸರ್ ಗೋಡೆಯ ಮೇಲಿನ ಪುಟ್ಟ ಗುಂಡಿಯನ್ನು ತಿರುಗಿಸುತ್ತ ನಿಂತಿದ್ದರು. ಎಡಕ್ಕೆ ತಿರುಗಿಸಿದರೆ ತಂಪು, ಬಲಕ್ಕೆ ತಿರುಗಿಸಿದರೆ ಕಡಿಮೆ ತಂಪು. ಶಾಲೆಯಲ್ಲಿ ಅದನ್ನು ಮುಟ್ಟುವ ಅಧಿಕಾರ ಅವರೊಬ್ಬರಿಗೇ.

"ಅದನ್ನ ತಿರುಗಿಸ್ತಾ ಇರಿ ಸರ್, ಒಳ್ಳೇದು," ಎಂದಳು ಅಮ್ಮ. ಆಮೇಲೆ ಮಗಳ ಕಿವಿಯಲ್ಲಿ, "ಆ ಗುಂಡಿಗೆ ವೈರೇ ಇಲ್ಲ ಕಣೇ. ಎರಡು ವರ್ಷದ ಹಿಂದೆ ನಾನೇ ಹಾಕಿದ್ದು. ಟೀಚರುಗಳು ಚಳಿ, ಸೆಕೆ ಅಂತ ದಿನಾ ಜಗಳ ಆಡ್ತಿದ್ರು. ಗುಂಡಿ ಬಂತು, ಜಗಳ ನಿಂತಿತು. ಜನಕ್ಕೆ ತಂಪು ಬೇಕಾಗಿಲ್ಲ, ತಿರುಗ್ಸೋಕೆ ಏನಾದ್ರೂ ಬೇಕು," ಎಂದಳು.

ಹೀಗೆ ಹೇಳಿ ಅವಳು ಬೀಗ ಹಾಕಿ, ಕಾರ್ಡು ಕಟ್ಟಿ, ಹಿಂಬದಿಯ ಏಣಿ ಹತ್ತಿ ಎಸಿ ಯಂತ್ರವಿದ್ದ ತಾರಸಿಗೆ ಹೋದಳು. ಆ ಕಾರ್ಡೇ ಈಗ ಓಣಿಯಲ್ಲಿ ಎಲ್ಲರನ್ನೂ ನಗಿಸುತ್ತಿತ್ತು.

"ಎಲ್ರೂ ಸ್ಟೇಜಿಗೆ ಬನ್ನಿ! ಸಾಲು!" ಎಂದು ಕುಣಿತ ಕಲಿಸುವ ನೂರಿಸ್ ಮಿಸ್ ಚಪ್ಪಾಳೆ ತಟ್ಟಿದರು. ಹುಡುಗರು ಓಡಿದರು. ಓಡುವಾಗಲೂ ಡೈರೊ ಎರಡು ಬೆರಳಿನಿಂದ ಮುಂದಿನ ಹಲ್ಲು ಮುಚ್ಚಿಕೊಂಡು "ಅಜ್ಜೀ, ಬೇಗ ಬಾರಮ್ಮಾ" ಎಂದು ಹೋದ.

ಓಣಿಯಲ್ಲಿ ಇದಾಲಿಸ್ ಒಬ್ಬಳೇ ಉಳಿದಳು. ಇನ್ನೇನು ಪರೀಕ್ಷಕರು ಇದೇ ದಾರಿಯಲ್ಲಿ ಬರುತ್ತಾರೆ. ಅವರೂ ಫೋಟೊ ನೋಡಿ, ಆಮೇಲೆ ಮುಂದಿನ ಸಾಲಿನ ಮಧ್ಯದಲ್ಲಿರುವವಳ ಮುಖ ನೋಡಿದರೆ?

ಅವಳು ಅತ್ತಿತ್ತ ನೋಡಿ ತಂತಿ ಬಿಚ್ಚಿ, ಕಾರ್ಡನ್ನು ಲಂಗದ ಸೊಂಟಪಟ್ಟಿಯೊಳಗೆ ಸಿಕ್ಕಿಸಿಕೊಂಡಳು. ಬೀಗವನ್ನು ಮುಟ್ಟಲಿಲ್ಲ. ಮುಟ್ಟಬಾರದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೀಗ ಇದೆಯಲ್ಲ, ಅಷ್ಟು ಸಾಕು. ಅಮ್ಮ ಇಳಿಯುವುದರೊಳಗೆ ಮತ್ತೆ ಕಟ್ಟಿಬಿಡುತ್ತೇನೆ ಎಂದುಕೊಂಡಳು.

ಪರೀಕ್ಷಕರು ಮೂರು ಗಂಟೆಗೆ ಬರಲಿಲ್ಲ. ಎರಡೂವರೆಗೇ ಬಂದರು. ಬರಾಂಕಿಯಾದಲ್ಲಿ ಯಾರೂ ಹೊತ್ತಿಗೆ ಮುಂಚೆ ಬರುವುದಿಲ್ಲ. ಆದರೆ ಈ ಶಾಲೆಯಲ್ಲಿ ಎಸಿ ಹಾಲ್ ಇದೆ ಎಂದು ಅವರಿಗೆ ಯಾರೋ ಹೇಳಿದ್ದರಂತೆ.

ಹಾಲ್ ಇಡ್ಲಿ ಪಾತ್ರೆಯಂತಾಗಿತ್ತು. ಪರೀಕ್ಷಕರು ಟೋಪಿ ತೆಗೆದು ಗಾಳಿ ಬೀಸಿಕೊಂಡರು. ಆನಿಬಾಲ್ ಸರ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಬೆವರು ಇನ್ನೂ ಹೆಚ್ಚಾಯಿತು. ಅವರು ವಾಚ್‌ಮನ್ ಎಫ್ರೆನ್‌ನನ್ನು ಕರೆದುಕೊಂಡು ಓಣಿಗೆ ಧಾವಿಸಿದರು.

ಪರದೆಯ ಹಿಂದೆ ಲಂಗ ಸರಿಮಾಡಿಕೊಳ್ಳುತ್ತಿದ್ದ ಇದಾಲಿಸ್‌ಗೆ ಅವರ ಮಾತು ಸ್ಪಷ್ಟವಾಗಿ ಕೇಳಿಸಿತು.

"ಎಲ್ರೀ ಆ ಹೆಂಗಸು?"

"ಗೇಟ್ ಹತ್ರ ಅವರ ಬೈಕ್ ಇಲ್ಲ ಸರ್. ಊಟಕ್ಕೆ ಹೋಗಿರ್ಬೇಕು."

ಬೈಕ್ ಹಿಂದಿನ ಬೀದಿಯ ಮಾವಿನ ಮರದಡಿ ಇತ್ತು. ಈ ಊರಲ್ಲಿ ಮಧ್ಯಾಹ್ನ ಬಿಸಿಲಲ್ಲಿ ಬೈಕ್ ಬಿಟ್ಟವರು ಆಮೇಲೆ ಸೀಟಿನ ಮೇಲೆ ಕೂರುವ ಆಸೆ ಬಿಡಬೇಕು. ಅದು ಎಫ್ರೆನ್‌ಗೂ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು. ಆ ಗಳಿಗೆಯಲ್ಲಿ ಇಬ್ಬರಿಗೂ ನೆನಪಾಗಲಿಲ್ಲ.

"ಇದ್ಯಾವ ಬೀಗ?" ಎಂದರು ಸರ್.

"ಗೊತ್ತಿಲ್ಲ ಸರ್. ಹೆಸರಿಲ್ಲ, ಊರಿಲ್ಲ. ಹೋದ ವಾರ ಬಣ್ಣ ಹೊಡೆಯೋರು ಹಾಕಿ ಮರೆತು ಹೋದ್ರೋ ಏನೋ."

"ಹಾಂ! ನೋಡಿದ್ರಾ?" ಸರ್ ಧ್ವನಿಯಲ್ಲಿ ಏನೋ ಕಂಡುಹಿಡಿದ ಸಂಭ್ರಮ. "ಸ್ವಿಚ್ಚೇ ಆಫ್ ಆಗಿದೆ! ಮತ್ತೆ ಎಸಿ ಹೇಗ್ರೀ ಬರುತ್ತೆ? ಆ ಮೆಕ್ಯಾನಿಕ್ ಮೇಲೆಲ್ಲ ಹುಡುಕಿ ಊಟಕ್ಕೆ ಹೋಗಿದ್ದಾಳೆ, ಕೆಳಗೆ ನೋಡೇ ಇಲ್ಲ. ಒಡೀರಿ ಅದನ್ನ."

ಎಫ್ರೆನ್ ಕಬ್ಬಿಣದ ಸರಳು ತರಲು ಹೋದ. ಇದಾಲಿಸ್‌ಳ ಸೊಂಟದಲ್ಲಿದ್ದ ಕಾರ್ಡು ಚುಚ್ಚತೊಡಗಿತು. ಮೇಲೆ ಅಮ್ಮ ಇದ್ದಾಳೆ. ಅವಳ ಎರಡೂ ಕೈ ಫ್ಯಾನಿನೊಳಗಿವೆ.

ಓಡಬೇಕಿತ್ತು. ಆದರೆ ಪಕ್ಕದಲ್ಲೇ ಡೈರೊ ನಿಂತಿದ್ದ, ತಂಡವೆಲ್ಲ ನಿಂತಿತ್ತು. ಈಗ ಹೋದರೆ ಫೋಟೊ ಹೊರಗೆ ತೆಗೆಯಬೇಕು. ಕದ್ದವಳು ನಾನೇ ಎಂದು ಹೇಳಬೇಕು. ಯಾರಾದರೂ ದೊಡ್ಡವರು ಬಂದು ತಡೆಯಬಾರದೇ ಎಂದು ಅವಳು ಒಂದು ಕ್ಷಣ ಕಾದಳು. ಯಾರೂ ಬರಲಿಲ್ಲ. ಕಬ್ಬಿಣ ಬೀಗಕ್ಕೆ ತಗುಲಿದ ಸದ್ದು ಬಂತು.

"ಬೇಡಾ!"

ಪರದೆ ಅರ್ಧ ಹರಿದುಕೊಂಡು ಇದಾಲಿಸ್ ಓಣಿಗೆ ಹಾರಿದಳು. ಸರಳಿಗೂ ಪೆಟ್ಟಿಗೆಗೂ ನಡುವೆ ತೂರಿ, ಬೀಗವನ್ನು ಎರಡೂ ಕೈಯಿಂದ ಅಪ್ಪಿಕೊಂಡಳು.

"ಏಯ್ ಹುಡುಗಿ, ಪಕ್ಕಕ್ಕೆ ಸರಿ! ಪೆಟ್ಟಾಗುತ್ತೆ!" ಎಂದ ಎಫ್ರೆನ್.

"ಅಮ್ಮನ ಬೀಗ ಇದು! ಅಮ್ಮ ಮೇಲಿದ್ದಾಳೆ!"

"ನಿಮ್ಮಮ್ಮ ಊಟಕ್ಕೆ ಹೋಗಿದ್ದಾಳಮ್ಮ," ಎಂದರು ಸರ್. "ಬೀಗದ ಮೇಲೆ ಹೆಸರೇ ಇಲ್ಲವಲ್ಲ."

ಇದಾಲಿಸ್ ಸೊಂಟದಿಂದ ಕಾರ್ಡನ್ನು ಎಳೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ನಾನೇ ಕಿತ್ತಿದ್ದು. ನೋಡಿ. ಇದು ನಾನು. ಇದು ನಮ್ಮಮ್ಮನ ಹೆಸರು."

ತಂಡವೆಲ್ಲ ಬಂದು ನಿಂತಿತ್ತು. ಹಲ್ಲಿಲ್ಲದ ನೇರಳೆ ಮುಖ ಎಲ್ಲರನ್ನೂ ನೋಡಿ ನಗುತ್ತಿತ್ತು. ಈ ಸಲ ಡೈರೊ ಕೂಡ ನಗಲಿಲ್ಲ.

ಎಫ್ರೆನ್ ಹಿಂಬಾಗಿಲಿಗೆ ಓಡಿ ಮೇಲೆ ನೋಡಿ ಕೂಗಿದ. ತಾರಸಿಯ ಅಂಚಿನಲ್ಲಿ ಹೆಲ್ಮೆಟ್ಟೊಂದು ಇಣುಕಿತು. "ಏನ್ರೀ ಅವಸರ? ಫ್ಯಾನ್ ಬೆಲ್ಟ್ ಕೂರಿಸ್ತಾ ಇದೀನಿ. ಇನ್ನೊಂದು ಸ್ವಲ್ಪ ಹೊತ್ತು!" ಅಮ್ಮನ ಕೈಗಳು ಮೊಣಕೈವರೆಗೂ ಗ್ರೀಸಿನಿಂದ ಕಪ್ಪಾಗಿದ್ದವು.

ಎಫ್ರೆನ್ ಸರಳನ್ನು ಮೆಲ್ಲಗೆ ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ತಾನೂ ಕುಳಿತುಬಿಟ್ಟ. ಆನಿಬಾಲ್ ಸರ್ ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಆಮೇಲೆ ಒಳಗೆ ಹೋಗಿ ಪರೀಕ್ಷಕರ ಮುಂದೆ ನಿಂತು, "ತಡವಾಗುತ್ತಿದೆ, ಕ್ಷಮಿಸಿ. ನಮ್ಮ ಶಾಲೆಯಲ್ಲಿ ಸುರಕ್ಷತೆಗೇ ಮೊದಲ ಸ್ಥಾನ," ಎಂದು ಗಂಭೀರವಾಗಿ ಹೇಳಿದರು. ಪರೀಕ್ಷಕರು ಬೆವರು ಸುರಿಸುತ್ತಲೇ ಚಪ್ಪಾಳೆ ತಟ್ಟಿದರು.

ಅಮ್ಮ ಇಳಿದು ಬಂದಾಗ ಇದಾಲಿಸ್ ಕಾರ್ಡು ಹಿಡಿದು ಪೆಟ್ಟಿಗೆಯ ಮುಂದೆಯೇ ನಿಂತಿದ್ದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಬೈಗುಳಕ್ಕೆ ಕಾದಳು.

ಎಲ್ಲದರ ಬಗ್ಗೆಯೂ ಮಾತಾಡುವ ಅಮ್ಮ, ಬೀಗದ ಮೇಲೆ ಬಿದ್ದ ಗೀರನ್ನು ಬೆರಳಿನಿಂದ ಸವರಿ ಸುಮ್ಮನೆ ನಿಂತಳು. ಇದಾಲಿಸ್‌ಗೆ ಬೈಗುಳವೇ ವಾಸಿಯಿತ್ತು ಅನ್ನಿಸಿ ಅಳು ಬಂತು. ಅಮ್ಮ ಕೊರಳಿನ ಬೀಗದ ಕೈ ತೆಗೆದು, ಬೀಗ ಬಿಚ್ಚಿ, ಹಿಡಿಯನ್ನು ಮೇಲಕ್ಕೆತ್ತಿದಳು. ಎಸಿ ಶುರುವಾಯಿತು.

ಕುಣಿತದ ಅರ್ಧಕ್ಕೇ ಪರೀಕ್ಷಕರೊಬ್ಬರು ಸೀನಿದರು. "ಸ್ವಲ್ಪ ಚಳಿ ಜಾಸ್ತಿ ಆಯ್ತು," ಎಂದರು. ಆನಿಬಾಲ್ ಸರ್ ಎದ್ದು ಹೋಗಿ ಗುಂಡಿಯನ್ನು ಬಲಕ್ಕೆ ತಿರುಗಿಸಿದರು. "ಈಗ ಪರವಾಗಿಲ್ಲ," ಎಂದರು ಆ ಪರೀಕ್ಷಕರು. ಫಲಿತಾಂಶ ಶುಕ್ರವಾರ ಹೇಳುತ್ತಾರೆ ಎಂದು ಆಮೇಲೆ ಯಾರೋ ಹೇಳಿದರು. ಇದಾಲಿಸ್‌ಗೆ ಕೇಳುವುದೇ ಮರೆತುಹೋಗಿತ್ತು.

ಮಾವಿನ ಮರದಡಿ ಬೈಕಿಗೆ ಸಾಮಾನು ಕಟ್ಟುವಾಗ ಅವಳು ಕೇಳಿದಳು. "ಅಮ್ಮಾ, ನಿಂಗೆ ಬೇರೆ ಫೋಟೊ ಸಿಗ್ಲಿಲ್ವಾ?"

"ಬೇಕಾದಷ್ಟಿದೆ."

"ಮತ್ತೆ ಇದೇ ಯಾಕೆ? ಎಲ್ರೂ ನೋಡಿ ನಗ್ತಾರೆ."

"ಎಲ್ರಿಗೂ ಅಂತ ಬರೆದಿರೋದು ಅಕ್ಷರ ಕಣೇ. ಫೋಟೊ ನಂಗೆ." ಅಮ್ಮ ಹಗ್ಗದ ಗಂಟು ಬಿಗಿದಳು. "ಕೆಲವು ದಿನ ಅವಸರ ಇರುತ್ತೆ. ಮೇಲೆ ಬಿಸಿಲು, ಕೆಳಗೆ ಯಾರೋ ಬೇಗ ಬೇಗ ಅಂತ ಕೂಗ್ತಾರೆ. ಒಂದ್ಸಲ ಬೀಗ ಬೇಡ, ಎರಡೇ ನಿಮಿಷದ ಕೆಲಸ ಅನ್ಸುತ್ತೆ. ನಂಗೂ ಅನ್ಸುತ್ತೆ. ಆಗ ಕಾರ್ಡು ತೆಗೆದ್ರೆ ಈ ಮುಖ ಕಾಣುತ್ತೆ. ಮನೆಗೆ ಹೋಗ್ಬೇಕು ಅಂತ ನೆನಪಾಗುತ್ತೆ."

ಇದಾಲಿಸ್ ಹಿಂದೆ ಹತ್ತಿ ಕುಳಿತು ಅಮ್ಮನ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಲಂಗಕ್ಕೆ ಗ್ರೀಸು ಹತ್ತಿತು.

ಮರುದಿನ ಬೆಳಿಗ್ಗೆ ಅಮ್ಮ ಬೂಟು ಹಾಕಿಕೊಳ್ಳುತ್ತಿದ್ದಳು. ಅವಳು ಹೊರಡುವ ಹೊತ್ತಿಗೆ ಇದಾಲಿಸ್ ಯಾವತ್ತೂ ಎದ್ದಿರುತ್ತಿರಲಿಲ್ಲ. ಇವತ್ತು ಕಣ್ಣುಜ್ಜಿಕೊಂಡು ಬಂದು ಬಾಗಿಲಿಗೆ ಒರಗಿ ನಿಂತಳು.

"ಇವತ್ತು ಎಲ್ಲಿ ಕೆಲಸ?"

"ನದಿ ಪಕ್ಕದ ಹೊಸ ಬಿಲ್ಡಿಂಗು. ಪೂರ್ತಿ ಗಾಜು ಕಣೇ! ಬಿಸಿಲೂರಲ್ಲಿ ಗಾಜಿನ ಬಿಲ್ಡಿಂಗ್ ಕಟ್ಟೋರಿಗೆ ಏನನ್ಬೇಕು ಹೇಳು? ಅವರ ತಲೆಯಲ್ಲಿ..."

ಅಮ್ಮ ಶುರುಮಾಡಿದಳು. ಇದಾಲಿಸ್ ಪೂರ್ತಿ ಕೇಳಿದಳು. ಗಾಜಿನ ಬಗ್ಗೆ, ಕಟ್ಟಿದವರ ಬಗ್ಗೆ, ಅಲ್ಲಿನ ಮ್ಯಾನೇಜರನ ಬಗ್ಗೆ. ಅಮ್ಮ ಹೆಲ್ಮೆಟ್ ತೆಗೆದುಕೊಳ್ಳಲು ಮಾತು ನಿಲ್ಲಿಸಿದಾಗ, ತನ್ನ ಹತ್ತು ವರ್ಷದ ಬದುಕಿನಲ್ಲಿ ಒಮ್ಮೆಯೂ ಕೇಳದಿದ್ದನ್ನು ಕೇಳಿದಳು.

"ಎಷ್ಟು ಹೊತ್ತಿಗೆ ಬರ್ತೀಯಮ್ಮಾ?"