ತಡವಾಗಿ ಬಂದ ಮೂವತ್ತೇಳು ಲಕೋಟೆ

ವರ್ಲಿನ್ ಕ್ವಾಮೆ ಸತ್ತಿದ್ದು ಕೆಲಸದ ಇಪ್ಪತ್ತೆರಡನೆಯ ಗಂಟೆಯಲ್ಲಿ. ಜನವರಿಯ ಆ ಹಿಮಗಾಳಿ ಸುಪೀರಿಯರ್ ಸರೋವರದ ಮೇಲಿನಿಂದ ಎರಡು ದಿನ ಬಿಡದೆ ಬೀಸಿತ್ತು. ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿಯನ್ನು ಅವನು ಇಪ್ಪತ್ತಾರು ವರ್ಷ ಓಡಿಸಿದ್ದ. ಕಣ್ಣು ಮುಚ್ಚಿಕೊಂಡು ಹೋಗಿ ಬರುತ್ತಾನೆ ಎಂದು ಜನ ಹೇಳುತ್ತಿದ್ದರು. ಅವತ್ತು ಕಣ್ಣು ಮುಚ್ಚಿಕೊಂಡೇ ಹೋದ. ಲಾರಿ ಸೇತುವೆಯ ಕಂಬಕ್ಕೆ ಗುದ್ದಿದ ಕಡೆ ಬ್ರೇಕ್ ಹಾಕಿದ ಗುರುತು ಇರಲಿಲ್ಲ.

ಹಿಂದಿನ ವರ್ಷದವರೆಗೂ ಕಾರ್ಮಿಕ ಸಂಘದ ಕರಾರಿನಲ್ಲಿ ಒಂದು ಸಾಲು ಇತ್ತು: ಹದಿನಾರು ಗಂಟೆ ಲಾರಿ ಓಡಿಸಿದವನು ಎಂಟು ಗಂಟೆ ಮಲಗಲೇಬೇಕು. ಹೊಸ ಕಾಯಿದೆ ಬಂತು. ಸರ್ಕಾರಿ ನೌಕರರ ಸಂಘಗಳು ಸಂಬಳ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಮಾತಾಡುವಂತಿಲ್ಲ ಎಂದಾಯಿತು. ಕರಾರು ರದ್ದಾಯಿತು, ಅದರ ಜೊತೆ ಆ ಸಾಲೂ ಹೋಯಿತು.

ವರ್ಲಿನ್‌ನ ಹೆಂಡತಿ ಆರ್ಡಿಸ್ ಅಳಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಶವಸಂಸ್ಕಾರದ ಊಟ ಮುಗಿದ ಮೇಲೆ ಆಲೂಗಡ್ಡೆ ಪಲ್ಯದ ಬೋಗುಣಿಗಳನ್ನು ತಾನೇ ತೊಳೆದು, ಯಾರದು ಯಾರಿಗೆ ಎಂದು ನೋಡಿ ಹಿಂದಿರುಗಿಸಿದಳು. ರಸ್ತೆ ಇಲಾಖೆಯ ಮೇಸ್ತ್ರಿ ಡ್ವೇನ್ ಟೆಸ್ಮರ್ ಕೋಟು ನೇತುಹಾಕುವ ಗೂಟಗಳ ಹತ್ತಿರ ನಿಂತೇ ಇದ್ದ. ಆ ದಿನ ರೇಡಿಯೋದಲ್ಲಿ "ಇನ್ನೊಂದು ಸುತ್ತು ಹೋಗ್ಬಿಟ್ಟು ಬಾ ವರ್ಲಿನ್" ಎಂದವನು ಅವನೇ. ಆರ್ಡಿಸ್‌ಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಹುಡುಕಿದಳು, ಒಳಗೆ ಸಿಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಎಲ್ಲವೂ ಜೋಮು ಹಿಡಿದಿತ್ತು.

ಕಾಯಿದೆಯ ಮೇಲಿನ ದಾವೆ ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೆ ಹೋಗಿತ್ತು. ಏಳು ನ್ಯಾಯಮೂರ್ತಿಗಳಲ್ಲಿ ಮೂವರು ಆ ಕಡೆ, ಮೂವರು ಈ ಕಡೆ. ಅಲ್ಲಿ ನ್ಯಾಯಮೂರ್ತಿಗಳನ್ನೂ ಜನರೇ ಆರಿಸುತ್ತಾರೆ; ಏಳನೆಯ ಕುರ್ಚಿಗೆ ಏಪ್ರಿಲ್ ಮೊದಲ ಮಂಗಳವಾರ ಚುನಾವಣೆ. ಈಗ ಕೂತಿರುವ ಬ್ರಾಂಟ್ ಗೆದ್ದರೆ ಕಾಯಿದೆ ಉಳಿಯುತ್ತದೆ, ಮಾರ್ಗಿಟ್ ಓಲೆಸನ್ ಗೆದ್ದರೆ ಬೀಳುತ್ತದೆ. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಚರ್ಚಿನ ಶುಕ್ರವಾರದ ಮೀನೂಟಕ್ಕೆ ಬಂದವರು ಎರಡು ಮೇಜುಗಳಾಗಿ ಒಡೆದು ಕೂರುತ್ತಿದ್ದರು. ಎರಡೂ ಪಕ್ಕ ಸಮಸಮ ಎಂದು ಪತ್ರಿಕೆಗಳು ಬರೆದವು.

ಆರ್ಡಿಸ್ ಟ್ಯಾಮರಾಕ್ ಎಂಬ ಆ ಪುಟ್ಟ ಊರಿನ ಪುರಸಭೆಯ ಕಾರ್ಯದರ್ಶಿ. ನಾಯಿಗಳಿಗೆ ಪರವಾನಗಿ ಕೊಡುವವಳೂ ಅವಳೇ, ಚುನಾವಣೆ ನಡೆಸುವವಳೂ ಅವಳೇ.

ಯೋಜನೆ ಹೊಳೆದದ್ದು ಮಾರ್ಚಿನ ಒಂದು ಬೆಳಿಗ್ಗೆ, ಮನೆಗೆ ಕಳುಹಿಸುವ ಮತಪತ್ರಗಳ ವಾಪಸು ಲಕೋಟೆಗಳಿಗೆ ಸ್ಟಾಂಪು ಅಂಟಿಸುತ್ತಿದ್ದಾಗ. ಅದೊಂದು ದೊಡ್ಡ ಉಪಾಯವೂ ಅಲ್ಲ. ಮನೆಯಿಂದ ಮತ ಹಾಕುವವರ ಲಕೋಟೆ ಮಂಗಳವಾರ ರಾತ್ರಿ ಎಂಟರೊಳಗೆ ಕಾರ್ಯದರ್ಶಿಯ ಕೈ ಸೇರಬೇಕು. ಒಂದು ನಿಮಿಷ ತಡವಾದರೂ ಅದನ್ನು ಒಡೆಯುವಂತಿಲ್ಲ. ಕೈ ಸೇರಿದ್ದು ಯಾವಾಗ ಎಂದು ಹೇಳುವುದು ಕಾರ್ಯದರ್ಶಿಯ ತಾರೀಖಿನ ಮುದ್ರೆ. ಮುದ್ರೆ ಅವಳ ಮೇಜಿನ ಮೇಲಿತ್ತು.

ಯಾವುದನ್ನೂ ತಿದ್ದಬೇಕಿಲ್ಲ, ಹರಿಯಬೇಕಿಲ್ಲ, ಸುಡಬೇಕಿಲ್ಲ. ಕಾಗದ ಮಾಯವಾದರೆ ಹುಡುಕುತ್ತಾರೆ, ತಡವಾಗಿ ಬಂದರೆ ಅಂಚೆಯನ್ನು ಬೈಯುತ್ತಾರೆ. ಆ ಚಳಿಗಾಲ ಇಡೀ ಊರೇ ಬೈಯುತ್ತಿತ್ತು. ಹೆಮ್ಲಿನ್ ಮುದುಕನ ಹೃದಯದ ಮಾತ್ರೆ ಹದಿಮೂರು ದಿನ ತಡವಾಗಿ ಬಂದಿತ್ತು.

ಯಾರು ಯಾರಿಗೆ ಹಾಕುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಕಾಯಿದೆಯ ಪರವಾಗಿ ಅಂಗಳದಲ್ಲಿ ಫಲಕ ನೆಟ್ಟವರು, ಮನವಿಗೆ ಸಹಿ ಹಾಕಿದವರು, ಮೀನೂಟದಲ್ಲಿ ಬ್ರಾಂಟ್ ಕಡೆಯವರ ಕಿಟಕಿ ಮೇಜಿಗೆ ಹೋದವರು. ಕೊನೆಯ ನಾಲ್ಕು ದಿನ ಬಂದ ಲಕೋಟೆಗಳನ್ನು ಮಾತ್ರ ಮುಟ್ಟುವುದೆಂದು ನಿರ್ಧರಿಸಿದಳು. ಮುಂಚೆಯೇ ಕಳುಹಿಸಿದವರದು ತಡವಾದರೆ ಅನುಮಾನ. ಕಂಪ್ಯೂಟರಿನಲ್ಲಿ ತಮ್ಮ ಮತ ಮುಟ್ಟಿತೇ ಎಂದು ನೋಡುವ ಚಟವಿದ್ದ ನಾಲ್ವರನ್ನು ಬಿಟ್ಟಳು. ಗಂಡನದು ತೆಗೆದರೆ ಹೆಂಡತಿಯದನ್ನೂ ತೆಗೆದಳು, ಯಾಕೆಂದರೆ ಒಂದೇ ದಿನ ಪೆಟ್ಟಿಗೆಗೆ ಹಾಕಿದ ಎರಡರಲ್ಲಿ ಒಂದು ಬಂದು ಒಂದು ಬರದಿದ್ದರೆ ಮನೆಯಲ್ಲಿ ಮಾತು ಹುಟ್ಟುತ್ತದೆ. ಹೀಗೆ ಮೂವತ್ತೇಳಾಯಿತು.

ಅವನ್ನು ಇಟ್ಟಿದ್ದು ಕಚೇರಿಯಲ್ಲೇ, ಚರ್ಚಿನ ಮಹಿಳಾ ಸಂಘದವರ ಮಾರಾಟವಾಗದ ಅಡುಗೆ ಪುಸ್ತಕಗಳ ರಟ್ಟಿನ ಪೆಟ್ಟಿಗೆಯಲ್ಲಿ. ಆರು ವರ್ಷದಿಂದ ಅದನ್ನು ಯಾರೂ ತೆರೆದಿರಲಿಲ್ಲ.

ಚುನಾವಣೆಯ ದಿನ ಆರ್ಡಿಸ್ ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದಳು, ಎಲ್ಲರಿಗೂ ಕಾಫಿ ಇಟ್ಟಳು, ರಾತ್ರಿ ಎಂಟಕ್ಕೆ ಮುಚ್ಚಿದಳು. ಬುಧವಾರ ಬೆಳಿಗ್ಗೆ ಅಂಚೆ ಕಚೇರಿಗೆ ಹೋದಳು. ಆ ದಿನದ ಬಿಲ್ಲು, ಬಿತ್ತನೆ ಬೀಜದ ಕ್ಯಾಟಲಾಗುಗಳ ಜೊತೆ ಮೂವತ್ತೇಳನ್ನೂ ಬೆರೆಸಿ ಬುಟ್ಟಿಯಲ್ಲಿ ತಂದು ತನ್ನ ಸಹಾಯಕಿ ಬೆವ್ ಲಿಂಡ್‌ಕ್ವಿಸ್ಟ್‌ಳ ಮುಂದೆಯೇ ಮೇಜಿನ ಮೇಲೆ ಸುರಿದಳು.

"ಅಯ್ಯೋ, ಇದೇನೇ ಇಷ್ಟೊಂದು!" ಎಂದಳು ಬೆವ್. "ನೋಡು ಈ ಮುದ್ರೆ, ಶುಕ್ರವಾರದ್ದು. ಇದು ಶನಿವಾರದ್ದು. ನಡ್ಕೊಂಡು ಬಂದಿದ್ರೂ ಬೇಗ ಬರ್ತಿತ್ತು!"

"ಕಾನೂನು ಕಾನೂನೇ," ಎಂದು ಆರ್ಡಿಸ್ ತಾರೀಖು ತಿರುಗಿಸಿದಳು. ಒಂದೊಂದರ ಮೇಲೂ ಬುಧವಾರದ ಮುದ್ರೆ ಒತ್ತಿದಳು.

"ಪಾಪ, ಆ ಶರ್ಲಿ ವಾರಗಟ್ಟಲೆ ಯೋಚಿಸಿ ಹಾಕಿದ್ಲಂತೆ. ಅವಳಿಗೆ ನಾನಂತೂ ಹೇಳಲ್ಲ, ನೀನೇ ಹೇಳ್ಕೋ."

"ಯಾಕೆ ಹೇಳಬೇಕು? ಕೇಳಿದ್ರೆ ಹೇಳಿದ್ರಾಯ್ತು."

ಮೂವತ್ತೇಳು ಮತಗಳು ಇಡೀ ರಾಜ್ಯದ ಹದಿನೈದು ಲಕ್ಷದಲ್ಲಿ ಏನೂ ಅಲ್ಲ. ಅವಳಿಗೂ ಗೊತ್ತಿತ್ತು. ತನ್ನ ಕೈಗೆಟುಕಿದಷ್ಟನ್ನು ಸರಿಪಡಿಸಿದ್ದೇನೆ, ಮುಗಿಯಿತು ಎಂದುಕೊಂಡು ಮನೆಗೆ ಹೋಗಿ, ಒಲೆಯ ಮುಂದೆ ನಿಂತೇ ಸೂಪು ಕುಡಿದಳು. ಗುರುವಾರ ಸಂಜೆ ಎಣಿಕೆ ಮುಗಿಯಿತು. ಮಾರ್ಗಿಟ್ ಓಲೆಸನ್ ಇಪ್ಪತ್ಮೂರು ಮತಗಳಿಂದ ಮುಂದಿದ್ದಳು.

ಇಪ್ಪತ್ಮೂರು. ಸುದ್ದಿ ಓದುವವನು ಅದನ್ನು ಎರಡು ಸಲ ಹೇಳಿದ. ಖುಷಿಯಾಗುತ್ತದೇನೋ ಎಂದು ಆರ್ಡಿಸ್ ಸ್ವಲ್ಪ ಹೊತ್ತು ಕಾದಳು. ಆಮೇಲೆ ಟಿವಿ ಆರಿಸಿದಳು.

ಮರುಎಣಿಕೆ ಆಗುತ್ತದೆಂದು ಮೊದಲೇ ಲೆಕ್ಕ ಹಾಕಿದ್ದಳು. ಎರಡು ವಾರದ ನಂತರ ಜಿಲ್ಲಾ ನ್ಯಾಯಾಲಯದ ದೊಡ್ಡ ಕೋಣೆಯಲ್ಲಿ ಅದು ಶುರುವಾಯಿತು. ಟ್ಯಾಮರಾಕ್‌ನ ಚೀಲಗಳ ಸರದಿ ಬಂದದ್ದು ಮೂರನೆಯ ದಿನ. ಬ್ರಾಂಟ್ ಕಡೆಯಿಂದ ಉಣ್ಣೆಯ ಟೋಪಿ ಹಾಕಿದ ಎಳೆಯ ವಕೀಲೆ ಕೂತಿದ್ದಳು. ತಡವಾದ ಲಕೋಟೆಗಳ ಕಟ್ಟನ್ನು ಕೇಳಿದಳು. ಕೇಳುತ್ತಾಳೆಂದು ಆರ್ಡಿಸ್‌ಗೆ ಗೊತ್ತಿತ್ತು. ಗಂಟು ಬಿಚ್ಚಿ ತಾನೇ ಕೊಟ್ಟಳು.

"ಅಂಚೆಯವರು ನಮ್ಮನ್ನ ಮುಳುಗಿಸಿಬಿಟ್ರು ಅಂತ ಕಾಣತ್ತೆ," ಎಂದಳು ಹುಡುಗಿ ನಗುತ್ತಾ.

"ನಮ್ಮೂರಲ್ಲಿ ಅದು ಹೊಸದಲ್ಲ," ಎಂದಳು ಆರ್ಡಿಸ್, ಕಾಫಿ ತರಲು ಎದ್ದಳು.

ಕಾಫಿ ಪಾತ್ರೆಯ ಹತ್ತಿರ ಡ್ವೇನ್ ಟೆಸ್ಮರ್ ನಿಂತಿದ್ದ. ಎಣಿಕೆಗೆ ಮೇಜು ಕುರ್ಚಿ ಸಾಗಿಸಲು ರಸ್ತೆ ಇಲಾಖೆಯವರನ್ನು ಕರೆಸಿದ್ದರು. ಮೈ ಇಳಿದಿತ್ತು. ಕಾಗದದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಆರ್ಡಿಸ್, ಒಂದು ಮಾತು. ಬೇಡ ಅಂದ್ರೆ ಹೋಗ್ತೀನಿ."

ಅವಳು ಲೋಟ ತೆಗೆದು ಕಾಫಿ ಬಗ್ಗಿಸಿಕೊಂಡಳು.

"ಅವತ್ತು ಮೇಲಿನವರು ನನಗೆ ಹೇಳಿದ್ರು, ನಾನು ಅವನಿಗೆ ಹೇಳ್ದೆ. ಅಷ್ಟೇ ಆಗಿದ್ದು. ಅಷ್ಟೇ ಅಂತ ನಿದ್ದೆ ಬರತ್ತಾ? ಬರಲ್ಲ." ಅವನು ಲೋಟ ಕೆಳಗಿಟ್ಟ. "ನಮ್ಮನೆ ಅಂಗಳದಲ್ಲಿರೋ ಆ ಕಾಯಿದೆ ಬೋರ್ಡು ನನ್ನ ಹೆಂಡ್ತಿದು. ಈ ಸಲ ನಾನು ಓಲೆಸನ್‌ಗೆ ಹಾಕ್ದೆ. ಹುಟ್ಟಿದಾಗಿಂದ ಆ ಕಡೆಗೆ ಹಾಕಿದವನಲ್ಲ ನಾನು. ವರ್ಲಿನ್‌ಗೋಸ್ಕರ ಹಾಕ್ದೆ. ಅದನ್ನ ನಿನಗೆ ಹೇಳೋಣ ಅಂತ ಚುನಾವಣೆ ಹಿಂದಿನ ಶನಿವಾರ ಕಚೇರಿ ಬಾಗಿಲ ತನಕ ಬಂದಿದ್ದೆ. ದೀಪ ಹಚ್ಚಿತ್ತು, ನೀನು ಒಳಗೆ ಓಡಾಡೋದು ಕಾಣ್ತಿತ್ತು. ತಟ್ಟೋಕೆ ಕೈ ಬರಲಿಲ್ಲ."

"ಓಹೋ," ಎಂದಳು ಆರ್ಡಿಸ್. ಮೂವತ್ತೇಳರಲ್ಲಿ ಒಂದು ತಪ್ಪು ಲೆಕ್ಕ, ಮೂವತ್ತಾರಾದರೂ ಇಪ್ಪತ್ಮೂರಕ್ಕೆ ಸಾಕು ಎಂದು ತಲೆ ತಾನಾಗಿಯೇ ಕಳೆಯಿತು. ಬೇರೇನಾದರೂ ಹೇಳಬೇಕೆನಿಸಿತು. "ಸಕ್ಕರೆ ಬೇಕಾ?" ಎಂದಳು.

"ಬೇಡ. ಡಾಕ್ಟ್ರು ಬಿಡಿಸಿದಾರೆ."

ಲೋಟ ಹಿಡಿದು ತಿರುಗಿದಾಗ ವಕೀಲೆ ಒಂದು ಲಕೋಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಿದ್ದಳು. ಆ ದೂರದಿಂದಲೂ ಬರಹ ಯಾರದೆಂದು ಆರ್ಡಿಸ್‌ಗೆ ತಿಳಿಯಿತು. ವರ್ಲಿನ್‌ನ ಪಾಳಿಯ ಚೀಟಿಗಳ ಮೇಲೆ ಇಪ್ಪತ್ತು ವರ್ಷ ಕಂಡ ಡ್ವೇನ್‌ನ ಬರಹ ಅದು. ಅಂಚೆಯದೂ ಬಾಗಿಲಲ್ಲಿ ಬಿದ್ದದ್ದೂ ಒಟ್ಟಿಗಿದ್ದ ಶನಿವಾರದ ಬುಟ್ಟಿಯಲ್ಲಿ ಅದನ್ನು ಕಂಡೊಡನೆ ನೋಡಲಾಗದೆ ಮಗುಚಿ ಪೆಟ್ಟಿಗೆಗೆ ಹಾಕಿದ್ದಳು, ಮುದ್ರೆ ಒತ್ತುವಾಗಲೂ ಮಗುಚಿಯೇ ಒತ್ತಿದ್ದಳು. ಉಳಿದ ಮೂವತ್ತಾರರ ಮುಂಬದಿಯನ್ನೂ ಒಂದೊಂದಾಗಿ ಪರೀಕ್ಷಿಸಿದ್ದಳು, ಯಾರಾದರೂ ನಡೆದು ಬಂದು ಕಚೇರಿಯ ಬಾಗಿಲ ಸೀಳಿನಿಂದ ಒಳಗೆ ತಳ್ಳಿದ್ದನ್ನೆಲ್ಲ ಬೇರೆ ಮಾಡಿ ಮತಪೆಟ್ಟಿಗೆಗೆ ಸೇರಿಸಿದ್ದಳು. "ಮೇಡಂ," ಎಂದು ಹುಡುಗಿ ಕರೆದಳು, ಈಗ ನಗುತ್ತಿರಲಿಲ್ಲ. "ಇದರ ಸ್ಟಾಂಪಿನ ಮೇಲೆ ಅಂಚೆಯವರ ಮುದ್ರೆನೇ ಬಿದ್ದಿಲ್ಲ. ಅಂಚೆಗೇ ಹಾಕದ ಕಾಗದ ಅಂಚೇಲಿ ಹೇಗೆ ತಡ ಆಯ್ತು?" ಆರ್ಡಿಸ್ ಲೋಟವನ್ನು ಚೆಲ್ಲದಂತೆ ಮೇಜಿನ ಮೇಲಿಟ್ಟಳು. ಸ್ಟಾಂಪು ಮಾರ್ಚಿನಲ್ಲಿ ಅವಳೇ ಅಂಟಿಸಿದ್ದು. ಒಂದು ಗೆರೆಯೂ ಬೀಳದೆ ಹೊಚ್ಚ ಹೊಸದಾಗಿಯೇ ಇತ್ತು.